ಬಸವನಹುಳ

ಇಡೀ ಟಾಕೀಜು ಉಸಿರು ಹಿಡಿದು ಕೂತಾಗ ನಮ್ಮ ಮೌನೇಶ ನಕ್ಕ.
ಸಣ್ಣ ನಗು ಅಲ್ಲ. ತನ್ನ ನಗು ಎಷ್ಟು ದೊಡ್ಡದಂತ ಅಂವಗ ಗೊತ್ತಿಲ್ಲ.
ಪರದಿ ಮ್ಯಾಲ ಮಿಂಚಿನ ಬೂಟಿನ ಹುಡುಗಿ
ನಲವತ್ತನೇ ಅಂತಸ್ತಿನಿಂದ ಬೀಳಲಿಕ್ಕತ್ತಿದ್ದಳು.
ಹಿಂದಿನ ಸಾಲಿನವರು ‘ಯಾವನಲೇ ಅಂವ’ ಅಂದರು,
ನಾ ಅವನ ತೊಡಿ ಚಿವುಟಿದೆ.
ಅಂವ ನನ್ನ ಅಂಗೈ ಎಳಕೊಂಡು
ಎರಡು ಬೆರಳ ಕೊಂಬು ಮಾಡಿ
ನಿಧಾನಕ, ಬಲು ನಿಧಾನಕ,
ಮಣಿಕಟ್ಟಿನಿಂದ ಮ್ಯಾಲ ಹತ್ತಿಸಿದ.

ನನಗೇನೂ ತಿಳೀಲಿಲ್ಲ.

ತಿಂಥಣಿ ಮೌನಪ್ಪಗ ಹರಕಿ ಹೊತ್ತು ಹಡೆದ ಕೂಸು.
ಹೆಸರಿಟ್ಟು ಒಂದೂವರಿ ವರ್ಷಕ್ಕ ಗೊತ್ತಾತು, ಕಿವಿ ಕೇಳಂಗಿಲ್ಲಂತ.
ಅವ್ವ ಅತ್ತಳು. ಅಪ್ಪ ಮಾತ್ರ
‘ಮುತ್ಯಾ ಚೇಷ್ಟಿ ಮಾಡ್ಯಾನ’ ಅಂತ ನಕ್ಕು
ಆಮ್ಯಾಲ ಒಬ್ಬನ ಹಿತ್ತಲಕ ಹೋದ.

ಪಿಚ್ಚರು ತೆಲುಗಿನದು.
ನನಗ ಅರ್ಧ ಮಾತು ತಿಳೀತದ,
ಉಳಿದರ್ಧಕ್ಕ ಮಂದಿ ನಕ್ಕಾಗ ನಗತೀನಿ.
ಯಾದಗಿರಿ ಕೋರ್ಟಿನ ಮುಂದ ಝೆರಾಕ್ಸ್ ತೆಗೆದು ದುಡಿದ ರೊಕ್ಕ,
ಮರುವಾರ ಇನ್ನೆರಡು ಟಿಕೇಟು ತಗೊಂಡೆ.
ಈ ಸಲ ಹುಡುಗೀನ ನೋಡಲಿಲ್ಲ.
ತಮ್ಮ ಎಲ್ಲಿ ನೋಡತಾನ ಅಲ್ಲೇ ನೋಡಿದೆ.

ಕಂಡಿತು.
ಮೊದಲ ಸೀನಿನಾಗ ಹಾಲಿನಂಗಡಿ ಕಟ್ಟಿ ಮ್ಯಾಲ ಒಂದು ಬಸವನಹುಳ.
ಬ್ಯಾಂಕು ಒಡಿಯೋ ಹೊತ್ತಿಗೆ ಅದೇ ಹುಳ ನಳದ ಪೈಪಿಗೆ.
ಖಳನಾಯಕ ಊರ ದೀಪ ಆರಿಸಿದಾಗ ಒಂಬತ್ತನೇ ಅಂತಸ್ತಿನ ಕಿಟಕಿಗೆ.
ಹುಡುಗಿ ಹಾರತಾಳ, ಒದೀತಾಳ, ಟಿವಿಯವರಿಗೆ ಕೈ ಬೀಸತಾಳ,
ಇದು ಯಾರಿಗೂ ಹೇಳದ ಹತ್ತಲಿಕ್ಕತ್ತದ.
ಆಕಿ ಬೀಳೋ ಹೊತ್ತಿಗೆ ಸರಿಯಾಗಿ
ಇದು ಮಾಳಿಗಿ ಮುಟ್ಟಿ ಕೊಂಬು ಚಾಚತದ.
ಮತ್ತ ಆ ಊರಿನ ಎಲ್ಲಾ ಗಡಿಯಾರದಾಗೂ ನಾಕು ಹತ್ತು.
ಬರೆದವರಿಗೆ ಚಹಾ ಬರೋ ಹೊತ್ತಿತ್ತೋ ಏನೋ.
ನಾನೂ ನಕ್ಕೆ.
ಈ ಸಲ ಬೈಗಳು ಇಬ್ಬರಿಗೆ.

ಹೆಸರುಗಳು ಮ್ಯಾಲ ಹರೀಲಿಕ್ಕತ್ತಿದವು, ಮಂದಿ ಎದ್ದರು.
ಮೌನೇಶ ಏಳಂಗಿಲ್ಲ.
ಇಡೀ ಪಿಚ್ಚರಿನಾಗ ಅಂವಗೂ ಮಂದಿಗೂ ಸರಿಸಮ ಇರೋದು ಅದೊಂದೇ ಜಾಗ.
ಬಾಗಿಲಕ ಲಾಲಬಿ ಕಸಬರಿಗಿ ಹಿಡಿದು ನಿಂತಿದ್ದಳು.
‘ಹೊಂಡ್ರಿ’ ಅಂತಾಳ ಅಂದುಕೊಂಡೆ.
ಆಕಿ ಬಂದು ಬಾಜೂ ಕುರ್ಚಿ ಮ್ಯಾಲ ಕೂತಳು:
‘ಕೂಡವ್ವಾ, ಅದಿನ್ನೂ ಇಳೀಬೇಕಲ್ಲ.
ದಿನಾ ನಾಕು ಆಟ,
ಅದು ಇಳಿಯೋತನಾ ನಾ ಕಸ ಹೊಡಿಯಂಗಿಲ್ಲ.’
ಕಡೀ ಹೆಸರಿನ ಕಡೀ ಅಕ್ಷರ ಹಿಡಿದು ಹುಳ ಕೆಳಗ ಜಾರಿತು.
ಮೌನೇಶ ಆಕಿ ಕಡಿ ತಿರುಗಿ ಕೊಂಬು ತೋರಿಸಿದ.
ಕಸಬರಿಗಿ ಬಗಲಾಗ ಒತ್ತಿ
ಆಕಿನೂ ತೋರಿಸಿದಳು.

ಸಂಜಿ ಬಸ್ಸು ಭೀಮಾ ದಾಟಿತು.
ಶಹಾಪುರ ಹತ್ತಿರಾದಂಗ ಆ ಗುಡ್ಡ:
ಹಣಿ, ಮೂಗು, ಗದ್ದ, ಏರಿ ಇಳಿದ ಎದಿ.
ಬುದ್ಧ ಮಲಗ್ಯಾನ ಅಂತಾರ.
ದಿನಾ ನೋಡಿ ನೋಡಿ ನಾ ನೋಡೋದು ಬಿಟ್ಟಿದ್ದೆ.
ಮೌನೇಶ ಕಿಟಕಿಗೆ ಮುಖ ಹಚ್ಚಿ,
ಗಾಳ್ಯಾಗ ಪೆನ್ಸಿಲ್ ಹಿಡಿದವನಂಗ ಆ ಗೆರಿ ತಿದ್ದಿ,
ನನ್ನ ಕಡಿ ಅಂಗೈ ಅರಳಿಸಿ ಕೇಳಿದ:
ಬರೆದವರು ಯಾರು?

ಕಂಡಕ್ಟರ್ ‘ಇಳೀರಿ, ಇಳೀರಿ’ ಅನ್ನಲಿಕ್ಕತ್ತಿದ್ದ.
ನಾ ಕೈ ಮಾಡಿ ಹೇಳಿದೆ:
ತಡಿ,
ಹೆಸರು ಇನ್ನೂ ಬಂದಿಲ್ಲ.