ಸುಕ್ಕಿಗೆ ಬೆಲಿ ಇರೋ ಊರಾಗ

ಬ್ಯಾಡಗಿ ಪ್ಯಾಟ್ಯಾಗ
ತೊಗಲು ಸುಕ್ಕಾದಷ್ಟೂ ಮೆಣಸಿನಕಾಯಿಗೆ ದರ.
ದಲಾಲಿ ಅಂಗಡ್ಯಾಗ ಲಾಟಿನ ಚೀಟಿ ಬರಿಯೋಳು ನಾನು,
ಡಬ್ಬಿ, ಕಡ್ಡಿ, ಚೀಲ ಇಷ್ಟು, ತೂಕ ಇಷ್ಟು,
ಮಾರಿ ತುಂಬ ಓಢಣಿ, ಕಣ್ಣಷ್ಟ ಹೊರಗ.
ಘಾಟಿಗೆ ಅಂತ ಎಲ್ಲಾರೂ ತಿಳದಿದ್ರು.
ಘಾಟಿಗಲ್ಲ.

ಗದ್ದದ ಮ್ಯಾಲ ಗಂಟಿನಂಥ ಮೊಡವಿ,
ದಿಂಬಿಗೆ ಗಲ್ಲ ಹಚ್ಚಿದ್ರ ಕೀವು.
ಬೇವು ಅರದು ಹಚ್ಚಿದ್ದಾತು, ಅರಿಷಿಣ ಆತು,
ಯಾರೋ ಹೇಳಿದ ಟ್ಯೂಬು ಒಂದು ತಿಂಗಳು ಬೆಳ್ಳಗ ಮಾಡಿ
ಮತ್ತ ಎರಡರಷ್ಟು ಎದ್ದಿದ್ದೂ ಆತು.
"ಮದುವಿ ಆದ್ರ ತಾನ ಹೋಗ್ತಾವ" ಅಂದ್ಲು ಚಿಗವ್ವ,
ಮದುವಿ ಅಂದ್ರ ಸೋಪಿನ ಹೆಸರು ಅನ್ನೂಹಂಗ.

ಹಾವೇರಿ ಡಾಕ್ಟರ್ ಹಂಚಿನಮನಿ
ಗುಳಿಗಿ ಬರಿಯೂಕಿಂತ ಮೊದಲು ಪೆನ್ನು ಮುಚ್ಚಿಟ್ರು,
ಅವ್ವನ್ನ ಹೊರಗ ಕಳಿಸಿದ್ರು.
ಲಗ್ನ ಆಗೇತೇನು? ಆಗೂದೈತೇನು? ಕಡೀ ಮುಟ್ಟು ಎಂದು?
ನಾ ನೆಲಾ ನೋಡಿದೆ.
"ನಾಚಿಕಿ ಮನಿಗೆ ಒಯ್ಯಿ. ಇಲ್ಲಿ ಖರೇ ಹೇಳು.
ಬಸರಿದ್ದಾಗ ಇದು ಒಂದ ಒಂದು ಹೊಟ್ಟಿಗೆ ಹೋದ್ರೂ
ಕೂಸಿನ ಕಿವಿ, ಗುಂಡಿಗಿ, ಮಿದುಳು ಕೆಡಬಹುದು.
ಗುಳಿಗಿ ಬಿಟ್ಟ ಮ್ಯಾಲೂ ಒಂದು ತಿಂಗಳು ಬಸರಾಗೂಹಂಗಿಲ್ಲ."
ರಕ್ತ ಕೊಟ್ಟೆ. ಉಚ್ಚಿ ಕೊಟ್ಟೆ. ಲಿವರ್ ಇಷ್ಟು, ಕೊಬ್ಬು ಇಷ್ಟು,
ನನ್ನ ಲಾಟಿಗೂ ಒಂದು ಚೀಟಿ ಬಂತು.

ಎಣ್ಣಿ ತುಪ್ಪ ಮುಟ್ಟಬ್ಯಾಡ ಅಂತ ಆರು ವರ್ಷ ಬೈದಾಕಿ ಅವ್ವ
ಈಗ ತಾನ ರೊಟ್ಟಿಗೆ ಬೆಣ್ಣಿ ಸವರತಾಳ,
ಬರೇ ಹೊಟ್ಯಾಗ ಈ ಮದ್ದು ಮೈಗೆ ಹತ್ತೂದಿಲ್ಲಂತ.
ಮೊದಲ ತಿಂಗಳು ಇದ್ದದ್ದೂ ಕೆಂಡ ಆದ್ವು.
ಆಗ್ತಾವ ಅಂತ ಮೊದಲ ಹೇಳಿದ್ರು; ಮರ್ತು ಅತ್ತೆ.
ಆಮ್ಯಾಲ ತುಟಿ.
ಮೆಣಸಿನಕಾಯಿ ಧೂಳಿನ್ಯಾಗ ಒಡದ ತುಟಿ!
ವ್ಯಾಸಲೀನ್ ಡಬ್ಬಿ ತಕ್ಕಡಿ ಬಾಜೂಕ ಇಟಗೊಂಡೆ.
ಒಮ್ಮೆ ಮೂಗಿನಿಂದ ಒಂದ ಹನಿ ರಕ್ತ
ಚೀಟಿ ಮ್ಯಾಲ ಬಿತ್ತು.
ಆ ಲಾಟು ಚಲೋ ದರಕ್ಕ ಹೋತು.

"ಮನಸು ಭಾರ ಆದ್ರ ತಾಳಿಕೊಂಡು ಕುಂಡ್ರಬ್ಯಾಡ, ಫೋನ್ ಮಾಡು"
ಅಂದಿದ್ರು. ಹಳೀ ಲೆಕ್ಕದ ಪುಸ್ತಕದ ಹಿಂದ
ದಿನಾ ಸಂಜಿಗೆ ಬರದಿಡತೀನಿ:
ತುಟಿ ಒಡದೈತಿ. ಮೊಣಕಾಲು ನೋವು. ಮನಸು, ನಡೀತೈತಿ.
ಯಾರ್ಡಿನ್ಯಾಗ ರಕ್ತದಾನ ಇಟ್ಟಾಗ ಸಾಹುಕಾರ್ರು ಕರದ್ರು,
ಒಲ್ಲೆ ಅಂದೆ. ಹೆದರ್ತಾಳ ಅಂತ ನಕ್ರು.
ನನ್ನ ರಕ್ತ ಯಾವ ಬಸರಿಗೆ ಏರೂದೋ,
ನಕ್ಕೋತ ನಿಂತವರಿಗೆ ಏನ ಗೊತ್ತು.

ಮೊನ್ನೆ ವೈನಿ ಬಂದು ಬಾಜೂಕ ಕುಂತ್ಲು.
"ನಿನ್ನ ಮಾರಿ ನೋಡು, ಎಷ್ಟು ಸ್ವಚ್ಛ ಆಗೇತಿ.
ನನಗೂ ಗದ್ದಕ್ಕ ನಾಕು ಎದ್ದಾವ. ಎರಡು ಗುಳಿಗಿ ಕೊಡ."
ಕೊಡೂದಕ್ಕ ಎರಡು ಮಾತಿಲ್ಲದ ಮನಿ ನಮ್ಮದು,
ಆಕಿ ಬೆಂಡೋಲಿ ನನ್ನ ಕಿವ್ಯಾಗ, ನನ್ನ ಸೀರಿ ಆಕಿ ಮೈಮ್ಯಾಲ.
ನಾ ಪಾಕೀಟು ಹೊಳ್ಳಿಸಿ ತೋರಿಸಿದೆ:
ಬಸರಿ ಹೆಂಗಸಿನ ಚಿತ್ರ, ಅದರ ಮ್ಯಾಲ ಒಂದು ಅಡ್ಡಗೀಟು.
ನೋಡಿದ್ಲು.
ಸೆರಗು ತಾನ ಹೊಟ್ಟಿಗೆ ಬಂತು.

"ಎಷ್ಟು ದಿನಾತು?"
"ಹನ್ನೊಂದು, ತಪ್ಪಿ. ಯಾರಿಗೂ ಹೇಳಬ್ಯಾಡ.
ಹೋದ ಸಲದ್ದು ಗೊತ್ತಲ್ಲ..."
ಮುಂದಿನ ಮಾತು ನುಂಗಿದ್ಲು
ನೀರಿಲ್ಲದ ಗುಳಿಗಿ ಹಂಗ.
ನಾ ಪಾಕೀಟು ಟ್ರಂಕಿನ್ಯಾಗ ಹಾಕಿ ಕೀಲಿ ಹಾಕಿದೆ,
ಕೀಲಿ ಕೊಳ್ಳಾಗ ಹಾಕ್ಕೊಂಡೆ.
ಇಬ್ಬರೂ ಬಾಳೊತ್ತು ಮಾತಾಡಲಿಲ್ಲ.
ಹೊರಗ ಅವ್ವ ರೊಟ್ಟಿ ಬಡಿಯೂ ಸಪ್ಪಳ.

ಇನ್ನ ಎರಡು ತಿಂಗಳದ್ದು ಉಳದಾವ.
ಕಲಿ ಪೂರಾ ಹೋಗೂದಿಲ್ಲಂತ. ಇರಲಿ.
ಇದು ಸುಕ್ಕಿಗೆ ಬೆಲಿ ಕಟ್ಟೂ ಊರು.
ಇನ್ನ ನಾ ಓಢಣಿ ಕಟ್ಟಿದ್ರ
ಘಾಟಿಗಷ್ಟ.