ಬೀಜಗಣಿತ

ಸಾಲಗಾಮೆ ರಸ್ತೆಯ ಲ್ಯಾಬಿನ ಶಟರ್ ನಾನು ಎತ್ತುವಷ್ಟರಲ್ಲಿ
ಮೆಟ್ಟಿಲ ಮೇಲೆ ಅವಳಿರುತ್ತಿದ್ದಳು.
ದುದ್ದದ ಮೊದಲ ಬಸ್ಸು. ತಲೆ ಇನ್ನೂ ಹಸಿ.
ತೋಳು ಚಾಚಿ, ಸೂಜಿ ನೋಡದೆ
ಗೋಡೆಯ ಕ್ಯಾಲೆಂಡರ್ ನೋಡುವಳು.

ಹೆಸರು ಬರೆಯುವಂತಿಲ್ಲ. ಡಿ-ಹದಿನೇಳು.
ಇಪ್ಪತ್ತಾರು ವರ್ಷ, ಒಂದು ಹೆರಿಗೆ.
ಗಾರ್ಮೆಂಟ್ಸಿನಲ್ಲಿ ಹೊಲಿಗೆ ಎಂದು
ಬೆರಳ ತುದಿ ಹೇಳಿತು, ಫಾರಮ್ಮಲ್ಲ.

ಎರಡನೇ ದಿನ ನಲವತ್ತು.
ಆರನೇ ದಿನ ಆರುನೂರು ಚಿಲ್ಲರೆ.
ಹತ್ತನೇ ದಿನ ಯಂತ್ರ ಎರಡು ಸಲ ಕೆಮ್ಮಿ
ಮೂರು ಸಾವಿರದ ನೂರಾ ಎಂಬತ್ತು ಅಂದಿತು.
"ಜಾಸ್ತಿ ಬಂದ್ರೆ ಒಳ್ಳೇದಾ ಅಕ್ಕ?"
ಹೇಳುವುದು ನನ್ನ ಕೆಲಸವಲ್ಲ. ಆದರೂ ಅಂದೆ,
ಹಾಲು ಕಾಯಬೇಕು, ಉಕ್ಕಬಾರದು.
ಬಿಗಿದ ಕಿಬ್ಬೊಟ್ಟೆ ಒತ್ತಿಕೊಂಡು ನಕ್ಕಳು:
"ಒಲೆ ಯಾರ ಕೈಲಿದೆ ಹಂಗಾದ್ರೆ?"
ಮಧ್ಯಾಹ್ನ ಡಾಕ್ಟರು ಇಂಜೆಕ್ಷನ್ ಬದಲಿಸಿದರು.

ಹತ್ತೊಂಬತ್ತು ಸಿಕ್ಕವು. ಬಲಿತದ್ದು ಹದಿನಾಲ್ಕು.
ಕೂಡಿದ್ದು ಒಂಬತ್ತು. ಐದನೇ ದಿನಕ್ಕೆ
ಮೂರು.
ಅವ್ವ ಬಿತ್ತನೆ ಆಲೂಗೆಡ್ಡೆ ಹೋಳು ಮಾಡುವಾಗ
ಹೋಳಿಗೊಂದು ಕಣ್ಣು ಬಿಟ್ಟೇ ಕುಯ್ಯುವಳು.
ಎಷ್ಟು ಮೊಳೀತವೆ ಅಂತ ಕೇಳಿದರೆ ಗದರುವಳು:
ಕಣ್ಣು ನೋಡಿ ಕುಯ್ದೀನಿ, ಮಿಕ್ಕಿದ್ದು ನನ್ನ ಕೇಳ್ಬೇಡ.

ಕೇಳಲು ಬಂದವರು ವನಜಾಕ್ಷಿ ಮೇಡಂ.
ಹೊಳೆನರಸೀಪುರದ ಹೈಸ್ಕೂಲಿನಲ್ಲಿ
ನನಗೆ ಬೀಜಗಣಿತ ಕಲಿಸಿದವರು.
ಗೊತ್ತಿಲ್ಲದ್ದನ್ನು ಎಕ್ಸ್ ಅಂತ ಇಟ್ಟುಕೋ, ಹೆದರಬೇಡ,
ಅನ್ನುತ್ತಾ ಬೋರ್ಡಿನ ಮೇಲೆ ಚಾಕ್‌ಪೀಸ್ ಮುರಿಯುತ್ತಿದ್ದ ಕೈ
ಈಗ ನನ್ನ ಮೇಜಿನ ಮೇಲೆ, ನರ ಸಿಗದೆ.
ನಲವತ್ಮೂರು. ನಾಲ್ಕನೇ ಸಲ.
"ಆ ಹುಡುಗಿಯ ಲೆಕ್ಕ ಚೆನ್ನಾಗಿತ್ತಂತೆ, ಹೌದೇನೇ?"
ಚೆನ್ನಾಗಿತ್ತು ಮೇಡಂ.
ಅದಕ್ಕಿಂತ ಚೆನ್ನಾಗಿದ್ದದ್ದು ಕಳೆದ ವರ್ಷ ನಿಲ್ಲಲಿಲ್ಲ,
ಡಾಕ್ಟರು ಬೇಡವೆನ್ನಲಿದ್ದ ಸಪ್ಪೆ ಅಂಕಿಯೊಂದು
ಈಗ ಅರಕಲಗೂಡಿನಲ್ಲಿ ತೆವಳುತ್ತಿದೆ.
ಇದನ್ನು ಹೇಳಲಿಲ್ಲ. ಹತ್ತಿ ಒತ್ತಿ ಹಿಡಿಯಿರಿ ಅಂದೆ.

ಒಂದೇ ಸ್ಟ್ಯಾಂಡಿನಲ್ಲಿ ಇಬ್ಬರ ರಕ್ತವನ್ನೂ
ನಿಲ್ಲಿಸಿದವಳು ನಾನು, ಬೇರೆ ಬೇರೆ ತಿಂಗಳು.
ಅವರಿಗೆ ಅವಳು ಎಕ್ಸ್.
ಅವಳಿಗೆ ಇವರು ಅಷ್ಟೂ ಅಲ್ಲ.

ಹದಿನಾಲ್ಕನೇ ದಿನ ಪರದೆಯ ಮೇಲೆ ಮೂವತ್ತೆಂಟು.
ಇಲ್ಲ ಅನ್ನಲು ಹೆಚ್ಚು. ಹೌದು ಅನ್ನಲು ಸಾಲದು.
ಎರಡು ದಿನ ಬಿಟ್ಟು ಮತ್ತೆ ಬನ್ನಿ ಮೇಡಂ.
ರಿಪೋರ್ಟಿನ ಕೆಳಗೆ ನನ್ನ ಸಹಿಯನ್ನು
ಬಹಳ ಹೊತ್ತು ನೋಡಿದರು,
ಕಾಗುಣಿತ ತಿದ್ದುವವರ ಹಾಗೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಡಿ-ಹದಿನೇಳು.
ಕಂಡರೂ ಕಾಣದವಳಂತೆ ಸೆರಗು ಸರಿಮಾಡಿಕೊಂಡಳು.
ಮಗ ಸೊಂಟದಿಂದಿಳಿದು
ಬಸ್ಸುಗಳ ನಂಬರ್ ಗಟ್ಟಿಯಾಗಿ ಓದುತ್ತಿದ್ದ,
ಆರನ್ನು ಒಂಬತ್ತು ಅನ್ನುತ್ತಾ.
ಅವಳು ತಿದ್ದಲಿಲ್ಲ.