ಬಿಳಿ ಬೂಟಿನ ಬುಧವಾರ

ಸೋಮವಾರ ಕಪ್ಪು ಬೂಟು, ಚಿಂತೆಯಿಲ್ಲ.
ಬುಧವಾರವೇ ಕಷ್ಟ, ಬಿಳಿ ಕ್ಯಾನ್ವಾಸು.
ಕೌಲ್‌ಬಜಾರಿನ ರಸ್ತೆಗೆ ಬಿಳಿ ಕಂಡರಾಗದು;
ಅದಿರಿನ ಲಾರಿ ಹೋದಮೇಲೆ
ನಾಯಿಯೂ ಕೆಂಪಗೆ ಸೀನುತ್ತದೆ.

ಗೇಟಿನ ಹಿಂದೆ ಕೂತು
ಹುಲುಗಪ್ಪ ಬೂಟಿಗೆ ಸೀಮೆಸುಣ್ಣ ಉಜ್ಜಿದ.
ಮೇಜಿನ ಡಬ್ಬಿಯದು. ಕಾವಲಿದ್ದವಳು ನಾನು.
ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ
ಸಿಸ್ಟರ್ ಲಿಡ್ವಿನ್ ನಮ್ಮ ಕಾಲು ನೋಡಿದರು.

ಶುಕ್ರವಾರ ನೀತಿಪಾಠ, ಏಳನೆಯ ಆಜ್ಞೆ.
ಅವನು ಬೆಂಚಿನಡಿಗೆ ಕಾಲೆಳೆದುಕೊಂಡ.
ನಾನೂ.

ಶನಿವಾರ ಅರ್ಧ ದಿನ, ಒಂಬತ್ತರ ಮಗ್ಗಿ.
ಒಂಬತ್ತೇಳ್ಲೆ ಅರವತ್ತಮೂರು
ಬರೆಯುವಷ್ಟರಲ್ಲಿ ಸುಣ್ಣ ಮುಗಿಯಿತು.
ಸಿಸ್ಟರ್ ಡಬ್ಬಿ ಅಲ್ಲಾಡಿಸಿದರು. ಸದ್ದಿಲ್ಲ.
‘ಉಳಿದದ್ದು ಬಾಯಲ್ಲಿ ಹೇಳು’ ಎಂದು
ಹುಲುಗಪ್ಪನ ಕಡೆ ತಿರುಗಿದರು.

ಇವತ್ತಿಗೂ ನನಗೆ
ಒಂಬತ್ತೆಂಟ್ಲೆ ಎಪ್ಪತ್ತೆರಡು
ಅವನ ದನಿಯಲ್ಲೇ ಬರುತ್ತದೆ,
ನಡುವೆ ಒಮ್ಮೆ ಮೂಗೆಳೆದು.